‘ಹೋಗಿ ಬರ್ತೀನಿ’ ಎಂದು ಕಲಿತ ಮಗುವಿಗೆ ಸಾವನ್ನು ಹೇಳುವುದು

(ಅಂಗನವಾಡಿ ಕಾರ್ಯಕರ್ತೆಯರು, ಸಹಾಯಕಿಯರು ಮತ್ತು ನಲಿ-ಕಲಿ ತರಗತಿಯ ಶಿಕ್ಷಕರ ಎದುರು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಕ್ಕಳ ಗುರುತು ಸಿಗದಂತೆ ಊರು, ವಯಸ್ಸು ಬದಲಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಮನೆಯಿಂದ ಹೊರಡುವಾಗ ನೀವೆಲ್ಲ ಏನು ಹೇಳಿ ಬಂದಿರಿ? (ಸಭೆಯಿಂದ: ‘ಹೋಗಿ ಬರ್ತೀನಿ’.) ಹೌದಲ್ವಾ. ‘ಹೋಗ್ತೀನಿ’ ಅಂದವರು ಒಬ್ಬರೂ ಇಲ್ಲ. ಬಾಯಿ ತಪ್ಪಿ ಅಂದುಬಿಟ್ಟರೆ ಮನೆಯಲ್ಲಿರುವ ಅಜ್ಜಿ ಬಾಗಿಲಲ್ಲೇ ತಡೆದು, ‘ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನು’ ಅಂತ ತಿದ್ದುತ್ತಾರೆ. ಮಗುವಿಗೆ ಟಾಟಾ ಮಾಡುವುದನ್ನು ಕಲಿಸುವ ಹೊತ್ತಿಗೇ ಇದನ್ನೂ ಕಲಿಸಿರುತ್ತೇವೆ: ಹೋದವರು ಬರುತ್ತಾರೆ. ಅಪ್ಪ ತೋಟಕ್ಕೆ ಹೋದ, ಬಂದ. ಅಮ್ಮ ಗಾರ್ಮೆಂಟ್ಸಿಗೆ ಹೋದಳು, ಬಂದಳು. ಅತ್ತೆ ಊರಿಗೆ ಹೋದಳು, ಬರುವಾಗ ಬಾಳೆಹಣ್ಣು ತಂದಳು.

ಆಮೇಲೆ ಒಂದು ದಿನ ಅದೇ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ತಾತ ಹೋಗಿಬಿಟ್ರು ಕಣೋ’ ಅನ್ನುತ್ತೇವೆ. ಮಗು ಕೇಳುತ್ತದೆ, ‘ಯಾವಾಗ ಬರ್ತಾರೆ?’ ನಾವು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡುತ್ತೇವೆ. ಪಡಸಾಲೆಯಲ್ಲಿ ಕೂತವರು ‘ಪಾಪ, ಅದಕ್ಕೇನು ಗೊತ್ತಾಗುತ್ತೆ’ ಅನ್ನುತ್ತಾರೆ. ಮಗು ಸರಿಯಾಗಿಯೇ ಕೇಳಿದೆ. ನಾವು ಕಲಿಸಿದ ಕನ್ನಡದ ಪ್ರಕಾರವೇ ಕೇಳಿದೆ.

ಇವತ್ತು ನನ್ನ ಹತ್ತಿರ ದೊಡ್ಡ ದೊಡ್ಡ ವಿಷಯಗಳಿಲ್ಲ. ಮಗುವಿಗೆ ಸಾವನ್ನು ಸಾವು ಅಂತಲೇ ಹೇಳಿ, ಇಷ್ಟನ್ನು ಹೇಳಲು ಬಂದಿದ್ದೇನೆ. ಇಪ್ಪತ್ತು ವರ್ಷ ಮಕ್ಕಳ ಜೊತೆ ಕೂತು ಮಾತಾಡಿದ ಮೇಲೂ ನನಗೆ ಇದಕ್ಕಿಂತ ಕಷ್ಟದ ಕೆಲಸ ಗೊತ್ತಿಲ್ಲ.

ಯಾಕೆ ಕಷ್ಟ ಅಂದರೆ, ಕನ್ನಡದಲ್ಲಿ ಸಾವಿಗೆ ಮಾತು ಬಹಳ. ತೀರಿಕೊಂಡರು, ಕಾಲವಾದರು, ಇಲ್ಲವಾದರು, ದೈವಾಧೀನರಾದರು, ಲಿಂಗೈಕ್ಯರಾದರು, ಶಿವನ ಪಾದ ಸೇರಿದರು, ಕೊನೆಯುಸಿರೆಳೆದರು. ಇಷ್ಟೊಂದರಲ್ಲಿ ನಾಲ್ಕು ವರ್ಷದ ಮಗುವಿಗೆ ಅರ್ಥವಾಗುವುದು ಒಂದೂ ಇಲ್ಲ. ಅರ್ಥವಾಗುವ ಒಂದೇ ಪದವನ್ನು ನಾವು ಬಾಯಿಗೆ ತರುವುದಿಲ್ಲ. ಕೋಳಿ ಸಾಯುತ್ತದೆ, ನಾಯಿ ಸಾಯುತ್ತದೆ, ಮನುಷ್ಯರು ತೀರಿಕೊಳ್ಳುತ್ತಾರೆ! ‘ನಿಮ್ಮಜ್ಜ ಸತ್ತರು’ ಅಂದರೆ ಬೈದ ಹಾಗೆ. ಈ ಮರ್ಯಾದೆ ನನಗೂ ಗೊತ್ತು, ನಾನೂ ಇದೇ ನೆಲದವಳು. ಅದಕ್ಕೇ ನಾನು ಮಾಡುವುದು ಹೀಗೆ: ‘ತಾತ ತೀರಿಕೊಂಡರು. ತೀರಿಕೊಂಡರು ಅಂದರೆ ಸತ್ತುಹೋದರು. ನಮ್ಮ ಕರು ಸತ್ತುಹೋಗಿತ್ತಲ್ಲ, ಹಾಗೆ. ತಾತನ ಮೈ ಕೆಲಸ ಮಾಡೋದು ನಿಲ್ಲಿಸಿಬಿಡ್ತು. ಉಸಿರು ಇಲ್ಲ, ಹಸಿವು ಇಲ್ಲ, ನೋವೂ ಇಲ್ಲ. ತಾತ ಮತ್ತೆ ಬರೋದಿಲ್ಲ.’ ಮರ್ಯಾದೆಯ ಮಾತೂ ಬಂತು, ನಿಜವಾದ ಮಾತೂ ಬಂತು.

ನನ್ನದೇ ಒಂದು ಕಥೆ ಹೇಳುತ್ತೇನೆ. ನನ್ನ ಅಪ್ಪ ಸತ್ತಾಗ ನನಗೆ ಆರು ವರ್ಷ. ನನ್ನನ್ನು ಪಕ್ಕದ ಮನೆಗೆ ಕಳಿಸಿ, ಕೈಗೆ ಚಕ್ಕುಲಿ ಕೊಟ್ಟು, ‘ಅಪ್ಪ ದೂರದ ಊರಿಗೆ ಹೋಗಿದಾರೆ’ ಅಂದರು. ನಂಬಿದೆ. ತಿಥಿಯ ದಿನ ಮನೆ ತುಂಬ ಜನ, ಎಲೆ ತುಂಬ ಅಡುಗೆ. ಅಪ್ಪನಿಗೆ ವಡೆ ಅಂದರೆ ಪ್ರಾಣ. ಎರಡು ವಡೆ ಎತ್ತಿ, ಕಾಗದದಲ್ಲಿ ಸುತ್ತಿ, ಸ್ಲೇಟಿನ ಚೀಲದಲ್ಲಿ ಇಟ್ಟುಕೊಂಡೆ. ಊರಿಂದ ಬಂದಾಗ ಕೊಡೋಣ ಅಂತ. ಅಪ್ಪನ ತಿಥಿಯ ವಡೆಯನ್ನು ಅಪ್ಪನಿಗೇ! ಮೂರನೆಯ ದಿನ ಚೀಲಕ್ಕೆ ಇರುವೆ ಮುತ್ತಿತು, ಅಜ್ಜಿ ಸಿಕ್ಕಾಪಟ್ಟೆ ಬೈದರು. ಯಾರಿಗೆ ಇಟ್ಟಿದ್ದೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಪ್ಪ ಸತ್ತಿದ್ದಾರೆ ಅಂತ ನನಗೆ ತಿಳಿದದ್ದು ಸ್ಕೂಲಿನಲ್ಲಿ, ಜಗಳದ ಮಧ್ಯೆ, ಒಬ್ಬ ಹುಡುಗನ ಬಾಯಿಂದ. ಮನೆಯವರ ಮೇಲೆ ನನಗೆ ಸಿಟ್ಟಿಲ್ಲ, ಅವರು ನನ್ನನ್ನು ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದರು. ಆದರೆ ಮಗುವಿಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಮಗು ನಂಬುವವರ ಬಾಯಿಂದ ಬರಲಿ ಅನ್ನುವುದಷ್ಟೇ ನನ್ನ ವಾದ.

ಮಾರಿಯಾ ನಾಗಿ ಎಂಬ ಮನಶ್ಶಾಸ್ತ್ರಜ್ಞೆ ಹಂಗೆರಿಯ ಬುಡಾಪೆಸ್ಟ್‌ನಲ್ಲಿ 3ರಿಂದ 10 ವರ್ಷದ 378 ಮಕ್ಕಳಿಂದ ಸಾವಿನ ಬಗ್ಗೆ ಮಾತು, ಬರಹ, ಚಿತ್ರ ಸಂಗ್ರಹಿಸಿದ್ದರು. ಅದು 1948ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳಿಗೆ ಸಾವು ಅಂದರೆ ಎಲ್ಲಿಗೋ ಹೋಗುವುದು, ಇಲ್ಲವೇ ನಿದ್ದೆ. ಅಲ್ಲಿಂದ ಒಂಬತ್ತರವರೆಗೆ ಸಾವು ಒಬ್ಬ ಮನುಷ್ಯನ ಹಾಗೆ, ಬಂದು ಹಿಡಿದುಕೊಂಡು ಹೋಗುವವನು. ನಮ್ಮ ಮಕ್ಕಳಿಗೆ ಕೋಣ, ಪಾಶದ ಸಮೇತ ಯಮ ಸಿದ್ಧವಾಗಿಯೇ ಸಿಗುತ್ತಾನೆ ಬಿಡಿ. ಒಂಬತ್ತರ ಮೇಲೆ ಸಾವು ಎಲ್ಲರಿಗೂ ಬರುವಂಥದ್ದು ಅನ್ನುವುದು ಹೊಳೆಯುತ್ತದೆ. ಮುಂದೆ 1984ರಲ್ಲಿ ಸ್ಪೀಸ್ ಮತ್ತು ಬ್ರೆಂಟ್ ಎಂಬಿಬ್ಬರು ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ಹೆಚ್ಚಿನ ಮಕ್ಕಳಿಗೆ ಇದು ಐದರಿಂದ ಏಳರ ಮಧ್ಯೆಯೇ ತಿಳಿಯುತ್ತದೆ ಅಂದರು. ತಿಳಿಯಬೇಕಾದ ಸಂಗತಿ ಮೂರು: ಸತ್ತವರು ಮರಳುವುದಿಲ್ಲ, ಸತ್ತ ಮೈ ಏನನ್ನೂ ಮಾಡುವುದಿಲ್ಲ, ಎಲ್ಲರೂ ಸಾಯುತ್ತಾರೆ. ನನ್ನ ಅನುಭವದಲ್ಲಿ ಹಟ್ಟಿ-ಕೊಟ್ಟಿಗೆ ಇರುವ ಮನೆಯ ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತದೆ. ಅಪಾರ್ಟ್‌ಮೆಂಟಿನ ಮಕ್ಕಳು ಸತ್ತ ಜಿರಳೆಯನ್ನು ಬಿಟ್ಟರೆ ಏನನ್ನೂ ನೋಡಿರುವುದಿಲ್ಲ.

ಎರಡನೆಯ ಸಂಗತಿಯೇ ಮಕ್ಕಳನ್ನು ಜಾಸ್ತಿ ಕಾಡುವುದು. ‘ಮಣ್ಣೊಳಗೆ ಉಸಿರು ಕಟ್ಟಲ್ವಾ?’ ‘ಬೆಂಕಿ ಹಚ್ಚಿದ್ರೆ ಉರಿಯಲ್ವಾ?’ ‘ಮಳೆ ಬಂದ್ರೆ ಅಜ್ಜಿ ನೆನೀತಾಳಾ?’ ಈ ಪ್ರಶ್ನೆ ಕೇಳಿದ ಮಗುವಿಗೆ ಏಟು ಬಿದ್ದದ್ದನ್ನು ನೋಡಿದ್ದೇನೆ, ‘ಕೆಟ್ಟ ಮಾತಾಡಬೇಡ’ ಅಂತ. ಮಗು ಅಜ್ಜಿಯ ಕಾಳಜಿ ಮಾಡುತ್ತಿದೆ! ‘ಸತ್ತ ಮೇಲೆ ಮೈಗೆ ಬಿಸಿ, ಚಳಿ, ನೋವು ಯಾವುದೂ ಗೊತ್ತಾಗಲ್ಲ, ನಿನ್ನ ಉಗುರು ಕತ್ತರಿಸಿದಾಗ ಉಗುರಿಗೆ ಹೇಗೆ ನೋವಾಗಲ್ವೋ ಹಾಗೆ’ ಅಂದರೆ ಸಾಕು. ನಾಳೆ ಮತ್ತೆ ಕೇಳುತ್ತದೆ. ನಾಳೆಯೂ ಅದೇ ಉತ್ತರ.

ಸುಳ್ಳಲ್ಲದ, ನಿಜವೂ ಅಲ್ಲದ ಮಾತುಗಳು ಇವೆಯಲ್ಲ, ಅವು ಎಲ್ಲಿಗೆ ಹೋಗಿ ಮುಟ್ಟುತ್ತವೆ ನೋಡಿ. ‘ಅಜ್ಜಿ ಮಲಗಿದಾಳೆ’ ಅಂದ ಮನೆಯ ಹುಡುಗಿ ಒಂದು ತಿಂಗಳು ರಾತ್ರಿ ಕಣ್ಣು ಮುಚ್ಚಲಿಲ್ಲ, ಅಮ್ಮ ಮಲಗಿದರೂ ರೆಪ್ಪೆ ಎತ್ತಿ ಎತ್ತಿ ನೋಡುತ್ತಿದ್ದಳು. ‘ಒಳ್ಳೆಯವರನ್ನ ದೇವರು ಬೇಗ ಕರ್ಕೊಳ್ತಾನೆ’ ಅಂತ ಕೇಳಿಸಿಕೊಂಡ ಒಬ್ಬ ಪುಟ್ಟ, ಅವತ್ತಿನಿಂದ ಬೇಕಂತಲೇ ಕೆಟ್ಟವನಾದ. ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದ, ದೇವಸ್ಥಾನದ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಇನ್ನು ‘ಅಜ್ಜ ಚುಕ್ಕಿ ಆಗಿದಾನೆ’ ಅನ್ನುವುದು. ಮಲೆನಾಡಿನ ಒಂದು ಮನೆಯಲ್ಲಿ ಮೇ ತಿಂಗಳಲ್ಲಿ ಹಾಗೆ ಹೇಳಿದ್ದರು. ಜೂನ್ ಬಂತು, ಮಳೆ ಹಿಡಿಯಿತು. ಅಲ್ಲಿ ಮಳೆಗಾಲ ಅಂದರೆ ನಿಮಗೆ ಗೊತ್ತು, ತಿಂಗಳುಗಟ್ಟಲೆ ಆಕಾಶವೇ ಕಾಣುವುದಿಲ್ಲ. ಮಗು ದಿನಾ ರಾತ್ರಿ ಅಂಗಳಕ್ಕೆ ಬಂದು ನೋಡಿ, ‘ಅಜ್ಜ ಇನ್ನೊಂದ್ಸಲ ಸತ್ತೋದ್ನಾ?’ ಅಂತ ಅತ್ತಿತು.

ನಿಮ್ಮ ನಂಬಿಕೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಸ್ವರ್ಗ, ಜನ್ನತ್, ಕೈಲಾಸ, ಮನೆಯಲ್ಲಿ ಏನು ನಂಬುತ್ತೀರೋ ಅದನ್ನು ಹೇಳಿ. ಆದರೆ ಮೊದಲು ಮೈ ಸತ್ತಿದೆ ಅನ್ನುವುದನ್ನು ಹೇಳಿ, ಆಮೇಲೆ ಜೀವದ ಮಾತು.

ಕಾರಣವನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ‘ಜ್ವರ ಬಂದು ಸತ್ತರು’ ಅಂದರೆ ಮುಂದಿನ ನೆಗಡಿಗೆ ಮಗು ನಡುಗುತ್ತದೆ. ‘ನಮಗೆಲ್ಲ ಬರೋ ಜ್ವರ ಅಲ್ಲ, ತುಂಬಾ ತುಂಬಾ ದೊಡ್ಡ ಕಾಯಿಲೆ’ ಅನ್ನಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನೆನಪಿದೆಯಾ? 46 ವರ್ಷ, ಗಟ್ಟಿಮುಟ್ಟು ಆಳು. ಟಿವಿಯಲ್ಲಿ ಹಗಲೂ ರಾತ್ರಿ ಅದೇ, ಜೊತೆಗೆ ವ್ಯಾಯಾಮದ ಬಗ್ಗೆ ದೊಡ್ಡವರ ಚರ್ಚೆ. ಆ ವಾರ ನನ್ನ ಹತ್ತಿರ ಬಂದ ಒಬ್ಬ ಏಳು ವರ್ಷದ ಹುಡುಗ ಅಪ್ಪನ ಶೂ ಬಚ್ಚಿಡುತ್ತಿದ್ದ. ಅಪ್ಪ ಜಿಮ್‌ಗೆ ಹೋಗದಿರಲಿ ಅಂತ. ಮನೆಯವರು ತುಂಟತನ ಅಂದುಕೊಂಡಿದ್ದರು.

ಈಗ ನನಗೆ ಅತಿ ಮುಖ್ಯ ಅನ್ನಿಸುವ ಜಾಗಕ್ಕೆ ಬಂದೆ. ಸ್ವಲ್ಪ ನಿಧಾನ ಮಾಡುತ್ತೇನೆ.

ಆರೇಳು ವರ್ಷದವರೆಗೆ ಮಗು ತಾನು ನೆನೆದದ್ದು, ಅಂದದ್ದು ಜಗತ್ತಿನಲ್ಲಿ ನಡೆದುಬಿಡುತ್ತದೆ ಅಂತ ನಂಬುತ್ತದೆ. ಈಗ ನಮ್ಮ ಬೈಗುಳಗಳನ್ನು ನೆನಪಿಸಿಕೊಳ್ಳಿ. ‘ನನ್ನ ಪ್ರಾಣ ತಿನ್ನಬೇಡ.’ ‘ನಿನ್ನ ಕಾಟಕ್ಕೆ ನಾನೊಂದು ದಿನ ಸತ್ತೇ ಹೋಗ್ತೀನಿ.’ ‘ನನ್ನ ಜೀವ ಹಿಂಡ್ತೀಯಲ್ಲೋ.’ ಯಾವ ತಾಯಿ ಅಂದಿಲ್ಲ ಹೇಳಿ? ನಾನೂ ಅಂದಿದ್ದೇನೆ. ಸಂಜೆ ಅಂದು, ರಾತ್ರಿ ತಲೆ ಸವರಿ ಮಲಗಿಸಿದ್ದೇನೆ. ಒಬ್ಬ ಹುಡುಗನ ತಾಯಿಗೆ ತಲೆ ಸವರುವಷ್ಟು ಸಮಯ ಸಿಗಲಿಲ್ಲ. ಬೆಳಿಗ್ಗೆ ಬೈದು ಸ್ಕೂಲಿಗೆ ಕಳಿಸಿದವಳು ಮಧ್ಯಾಹ್ನ ರಸ್ತೆಯಲ್ಲಿ ಸತ್ತಳು. ಐದೂವರೆ ವರ್ಷದ ಆ ಹುಡುಗ ಊಟ ಬಿಟ್ಟ. ಡಾಕ್ಟರು ನೋಡಿದರು, ಟಾನಿಕ್ ಕೊಟ್ಟರು, ದೃಷ್ಟಿ ತೆಗೆದರು. ನನ್ನ ಜೊತೆ ಮಣ್ಣಿನ ಗೊಂಬೆ ಮಾಡುತ್ತಾ ಎಷ್ಟೋ ದಿನದ ಮೇಲೆ ಅವನು ಕೇಳಿದ: ‘ಪ್ರಾಣ ತಿಂದ್ರೆ ಹೊಟ್ಟೇಲೇ ಇರುತ್ತಾ?’

ಅವನು ಅಮ್ಮನ ಪ್ರಾಣ ತಿಂದುಬಿಟ್ಟಿದ್ದೇನೆ ಅಂದುಕೊಂಡಿದ್ದ. ಇನ್ನೇನಾದರೂ ತಿಂದರೆ ಒಳಗಿರುವ ಅಮ್ಮನಿಗೆ ಏನಾಗುತ್ತದೋ ಅಂತ ಊಟ ಬಿಟ್ಟಿದ್ದ. ನನಗೆ ಅವತ್ತು ಮಾತೇ ಹೊರಡಲಿಲ್ಲ.

ಆದ್ದರಿಂದ ಮಗು ಕೇಳಲಿ, ಬಿಡಲಿ, ಈ ಒಂದು ಮಾತನ್ನು ಹೇಳಿಬಿಡಿ: ‘ನೀನು ಅಂದದ್ದರಿಂದ, ಮಾಡಿದ್ದರಿಂದ, ಮನಸ್ಸಲ್ಲಿ ಅಂದುಕೊಂಡದ್ದರಿಂದ ಅಮ್ಮ ಸಾಯಲಿಲ್ಲ.’ ಒಮ್ಮೆ ಹೇಳಿದರೆ ಸಾಲದು. ನಮ್ಮಲ್ಲಂತೂ ದೊಡ್ಡವರೇ ತಪ್ಪನ್ನು ಮಗುವಿನ ತಲೆಗೆ ಕಟ್ಟುತ್ತಾರಲ್ಲ! ‘ಹುಟ್ಟುತ್ತಲೇ ಅಪ್ಪನ್ನ ನುಂಗಿಕೊಳ್ತು’, ‘ಕಾಲ್ಗುಣ ಸರಿ ಇಲ್ಲ’, ‘ಮೂಲಾ ನಕ್ಷತ್ರ’. ತೊಟ್ಟಿಲ ಮುಂದೆ ಹೇಳಿದರೆ ಏನಾಯಿತು ಅನ್ನಬೇಡಿ, ಆರು ವರ್ಷವಾದಾಗ ಅದೇ ಮಾತನ್ನು ಯಾರೋ ಒಬ್ಬರು ಮಗುವಿನ ಮುಂದೆ ಮತ್ತೆ ಆಡುತ್ತಾರೆ. ನಿಮ್ಮ ಅಂಗನವಾಡಿಯ ಜಗುಲಿಯಲ್ಲಿ ಅಂಥ ಮಾತು ಕೇಳಿದರೆ ನೀವು ಸುಮ್ಮನಿರಬಾರದು. ನೀವು ಗದರಿಸಿದರೆ ಊರು ಕೇಳುತ್ತದೆ, ನನ್ನಂಥವಳು ಹೇಳಿದರೆ ಕೇಳುವುದಿಲ್ಲ.

ಮಣ್ಣಿಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಎಲ್ಲ ಕಡೆಯೂ ಕೇಳುತ್ತಾರೆ. ಮನೆ-ಮನೆಯ ಪದ್ಧತಿ ಬೇರೆ. ನಾನು ಹೇಳುವುದು ಮೂರೇ. ಏನು ಕಾಣುತ್ತದೆ ಅಂತ ಮೊದಲೇ ಹೇಳಿ: ಮೂಗಿನಲ್ಲಿ ಹತ್ತಿ ಇರುತ್ತದೆ, ಕಾಲಿನ ಹೆಬ್ಬೆರಳು ಕಟ್ಟಿರುತ್ತಾರೆ, ಮೈ ತಣ್ಣಗಿರುತ್ತದೆ, ಅತ್ತೆ ಜೋರಾಗಿ ಅಳುತ್ತಾಳೆ, ತಮಟೆ ಬಾರಿಸುತ್ತಾರೆ. ಮಗುವಿನ ಪಕ್ಕದಲ್ಲೇ ಇರಲು ಒಬ್ಬರನ್ನು ನೇಮಿಸಿ, ಆ ಒಬ್ಬರು ಸಾವಿನ ಹತ್ತಿರದವರಾಗಿರಬಾರದು, ಮಗು ಬೇಡ ಅಂದ ಕೂಡಲೇ ಎತ್ತಿಕೊಂಡು ಹೊರಗೆ ಬರುವವರಾಗಿರಬೇಕು. ಬಲವಂತ ಬೇಡ. ‘ಕೊನೇ ಸಲ ಅಪ್ಪನ ಮುಖ ಮುಟ್ಟು’ ಅಂತ ಚೀರುವ ಮಗುವನ್ನು ಹೆಣದ ಮೇಲೆ ಬಗ್ಗಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಏಳು ವರ್ಷದ ಹುಡುಗನ ಹೆಗಲ ಮೇಲೆ ಮಡಕೆ ಇಟ್ಟು ಸುತ್ತು ಹಾಕಿಸುವುದಾದರೆ ಹಿಂದೆ ಚಿಕ್ಕಪ್ಪನೋ ಸೋದರಮಾವನೋ ಕೈ ಹಿಡಿದಿರಲಿ, ಏನು ಮಾಡಬೇಕು ಅಂತ ಮನೆಯಲ್ಲೇ ಒಮ್ಮೆ ತೋರಿಸಿರಲಿ.

ಒಂದು ವಿಷಯದಲ್ಲಿ ಮಾತ್ರ ನನಗೆ ರಾಜಿ ಇಲ್ಲ. ಬಳೆ ಒಡೆಯುವುದು, ಕುಂಕುಮ ಅಳಿಸುವುದು. ಅದು ಆ ಹೆಣ್ಣಿಗೆ ಮಾಡುವ ಅನ್ಯಾಯ ಅನ್ನುವುದು ಒಂದು ಕಡೆ ಇರಲಿ, ಮಗುವಿನ ಕಣ್ಣಿಂದ ನೋಡಿ. ಅಪ್ಪ ಇಲ್ಲ. ಉಳಿದಿರುವ ಒಬ್ಬ ಅಮ್ಮನನ್ನು ಹತ್ತು ಜನ ಹಿಡಿದು ಕೂರಿಸಿ, ಅವಳು ಅಳುತ್ತಿರುವಾಗ ಅವಳ ಗುರುತನ್ನೇ ತೆಗೆದುಬಿಡುತ್ತಾರೆ. ‘ಅದು ಅಮ್ಮ ಅಲ್ಲ’ ಅಂತ ಒಂದು ವಾರ ತಾಯಿಯ ಹತ್ತಿರ ಹೋಗದ ಮೂರು ವರ್ಷದ ಹುಡುಗಿಯನ್ನು ನೋಡಿದ್ದೇನೆ. ಬಳೆ ಸದ್ದಿನಿಂದಲೇ ಅಮ್ಮನನ್ನು ಗುರುತಿಸುತ್ತಿದ್ದ ಮಗು ಅದು.

ಸಾವಿನ ಮನೆಯಲ್ಲಿ ಮಗು ಆಡುತ್ತಿದ್ದರೆ ‘ಇದಕ್ಕೆ ದುಃಖವೇ ಇಲ್ಲ’ ಅನ್ನುತ್ತಾರೆ. ಬಿಸಿಲಿನಲ್ಲೇ ಮಳೆ ಬಂದರೆ ನರಿ ಮದುವೆ ಅನ್ನುತ್ತೇವಲ್ಲ, ಮಗುವಿನ ದುಃಖ ಹಾಗೆ. ಹತ್ತು ನಿಮಿಷ ಬಿಕ್ಕಿ ಬಿಕ್ಕಿ ಅಳು, ಮರುಕ್ಷಣ ‘ಐಸ್‌ಕ್ರೀಮ್ ಇದೆಯಾ?’. ಇಡೀ ದಿನ ಹೊರುವಷ್ಟು ಬೆನ್ನು ಅದಕ್ಕಿಲ್ಲ, ಇಳಿಸಿ ಇಳಿಸಿ ಹೊರುತ್ತದೆ. ಬಾಯಲ್ಲಿ ಹೇಳದ್ದನ್ನು ಮೈ ಹೇಳುತ್ತದೆ: ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರು, ಹೊಟ್ಟೆನೋವು, ಅಂಗನವಾಡಿ ಬಾಗಿಲಲ್ಲಿ ಅಮ್ಮನ ಸೀರೆ ಬಿಡದಿರುವುದು. ಆಟದಲ್ಲೂ ಬರುತ್ತದೆ. ಗೊಂಬೆಯನ್ನು ಎಲೆಯ ಮೇಲೆ ಮಲಗಿಸಿ, ಡಬ್ಬ ಬಡಿಯುತ್ತಾ ಮೆರವಣಿಗೆ ಮಾಡಿ ಹೂಳುತ್ತಾರೆ. ಅಪಶಕುನ ಅಂತ ಬೆತ್ತ ಎತ್ತಬೇಡಿ. ಅದೇ ಅವರ ಕೆಲಸ. ಹತ್ತಿರ ಕೂತು ‘ಈಗ ಗೊಂಬೆಯ ಅಮ್ಮ ಏನು ಮಾಡ್ತಿದಾಳೆ?’ ಅಂತ ಕೇಳಿ, ನಿಮಗೇ ಗೊತ್ತಾಗುತ್ತದೆ. (ದುಃಖಕ್ಕೆ ಐದು ಹಂತ ಅಂತ ತರಬೇತಿಗಳಲ್ಲಿ ಬೋರ್ಡಿನ ಮೇಲೆ ಬರೆಯುತ್ತಾರೆ. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ ಅದನ್ನು ಹೇಳಿದ್ದು ಸಾಯುತ್ತಿದ್ದ ರೋಗಿಗಳ ಜೊತೆ ಮಾತಾಡಿ. ನಿಮ್ಮ ಮಗುವನ್ನು ಆ ಮೆಟ್ಟಿಲು ಹತ್ತಿಸಲು ಹೋಗಬೇಡಿ.) ಆದರೆ ತಿಂಗಳುಗಳು ಕಳೆದರೂ ಮಗು ಆಡುವುದೇ ಇಲ್ಲ, ತಿನ್ನುವುದಿಲ್ಲ, ‘ನಾನೂ ಅಪ್ಪನ ಹತ್ರ ಹೋಗ್ತೀನಿ’ ಅನ್ನುತ್ತಲೇ ಇದೆ ಅಂದರೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಮಗುವನ್ನು ನೋಡಿಕೊಳ್ಳುವವರೇ ಇಲ್ಲ ಅಂದರೆ ಮಕ್ಕಳ ಸಹಾಯವಾಣಿ 1098.

ಶಿಕ್ಷಕರಿಗೆ ಎರಡು ಮಾತು. ತಲೆ ಬೋಳಿಸಿಕೊಂಡ ಹುಡುಗ ವಾಪಸು ಬರುವ ಹಿಂದಿನ ದಿನ ತರಗತಿಗೆ ಹೇಳಿಡಿ, ಇಲ್ಲದಿದ್ದರೆ ‘ಗುಂಡಾ’ ಅಂತ ಕರೆದೇ ಕರೆಯುತ್ತಾರೆ. ಆಮೇಲೆ ಆ ‘ಇನ್ಮೇಲೆ ಮನೆಗೆ ನೀನೇ ಗಂಡಸು’ ಅನ್ನುವ ಮಾತು. ಒಂದನೆಯ ಕ್ಲಾಸಿನ ಹುಡುಗನಿಗೆ ಬೆನ್ನು ತಟ್ಟಿ ಹೀಗೆ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕೋವಿಡ್ ಬಗ್ಗೆ ಹೇಳದೆ ಮುಗಿಸಲಾರೆ. 2020ರ ಮಾರ್ಚ್‌ನಿಂದ 2021ರ ಏಪ್ರಿಲ್‌ವರೆಗೆ ಜಗತ್ತಿನಲ್ಲಿ 10 ಲಕ್ಷಕ್ಕೂ ಹೆಚ್ಚು ಮಕ್ಕಳು ತಂದೆ, ತಾಯಿ ಅಥವಾ ಸಾಕುತ್ತಿದ್ದ ಅಜ್ಜ-ಅಜ್ಜಿಯನ್ನು ಕಳೆದುಕೊಂಡರು ಅಂತ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಂದಾಜು ಬಂದಿತ್ತು. ನಮ್ಮಲ್ಲಿ ಆ ಏಪ್ರಿಲ್-ಮೇ ತಿಂಗಳಲ್ಲಿ ಅಪ್ಪ ಆಂಬುಲೆನ್ಸ್ ಹತ್ತಿ ‘ಹೋಗಿ ಬರ್ತೀನಿ ಪುಟ್ಟಾ’ ಅಂದದ್ದಷ್ಟೇ ಎಷ್ಟೋ ಮಕ್ಕಳಿಗೆ ಕೊನೆಯ ದೃಶ್ಯ. ಮುಖ ನೋಡಲಿಲ್ಲ, ತಿಥಿ ಸರಿಯಾಗಿ ಆಗಲಿಲ್ಲ. ಆಸ್ಪತ್ರೆಯವರು ಅಪ್ಪನನ್ನು ಇಟ್ಟುಕೊಂಡಿದ್ದಾರೆ ಅಂತ ವರ್ಷಗಟ್ಟಲೆ ನಂಬಿದ ಮಕ್ಕಳಿದ್ದಾರೆ. ಅಂಥವರಿಗೆ ತಡವಾಗಿಯಾದರೂ ಒಂದು ಕೊನೆ ಬೇಕು. ಒಂದು ಮನೆಯಲ್ಲಿ ಎರಡು ವರ್ಷದ ನಂತರ ಅಪ್ಪನ ಬೈಕಿನ ಕೀ, ಒಂದು ಅಂಗಿ, ಮಗು ಬರೆದ ಚಿತ್ರ ಸೇರಿಸಿ ತೋಟದಲ್ಲಿ ಹೂತು, ಮೇಲೆ ತೆಂಗಿನ ಸಸಿ ನೆಟ್ಟರು.

ಸತ್ತವರನ್ನು ಮರೆತು ಮುಂದೆ ಹೋಗಬೇಕು ಅಂತ ಪಶ್ಚಿಮದ ಮನಶ್ಶಾಸ್ತ್ರ ಬಹಳ ಕಾಲ ಹೇಳಿತ್ತು. 1996ರಲ್ಲಿ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಅದನ್ನು ಪ್ರಶ್ನಿಸಿ, ಸತ್ತವರ ಜೊತೆಗಿನ ನಂಟು ಬೇರೆ ರೂಪದಲ್ಲಿ ಮುಂದುವರಿಯುವುದು ಸಹಜ ಅಂದರು. ಅದನ್ನು ಓದಿದಾಗ ನನಗೆ ನಗು ಬಂತು. ಪಿತೃಪಕ್ಷದಲ್ಲಿ ಎಡೆ ಇಡುವ ನಮ್ಮ ಮನೆಗಳಿಗೆ ಇದು ಯಾವತ್ತೋ ಗೊತ್ತು. ತಾತನಿಗೆ ಬೋಂಡಾ, ದೊಡ್ಡಪ್ಪನಿಗೆ ಬೀಡಿ, ಇನ್ಯಾರಿಗೋ ಒಂದು ಕ್ವಾರ್ಟರು, ಮುಚ್ಚುಮರೆ ಇಲ್ಲದೆ ಇಡುತ್ತೇವೆ! ನನ್ನದೊಂದೇ ಕೋರಿಕೆ. ಆ ಎಲೆಯಲ್ಲಿ ಒಂದು ಪದಾರ್ಥವನ್ನು ಮಗು ಆರಿಸಲಿ. ‘ಅಮ್ಮನಿಗೆ ಏನಿಷ್ಟ ಹೇಳು’ ಅಂತ ಕೇಳಿ. ಕುರ್‌ಕುರೆ ಅಂದರೆ ಕುರ್‌ಕುರೆಯನ್ನೇ ಇಡಿ. ಫೋನಿನಲ್ಲಿರುವ ವಾಯ್ಸ್ ಮೆಸೇಜು ಅಳಿಸಬೇಡಿ, ಬೇರೆ ಕಡೆ ಇಟ್ಟಿರಿ. ಐದು ವರ್ಷದವರಿಗೆ ದನಿ ಬಹಳ ಬೇಗ ಮರೆತುಹೋಗುತ್ತದೆ. ನನಗೆ ಅಪ್ಪನ ದನಿ ನೆನಪಿಲ್ಲ. ವಡೆಯ ಕಾಗದ ನೆನಪಿದೆ.

(ಮಾತು ಮುಗಿದ ಮೇಲೆ ಒಬ್ಬ ಅಂಗನವಾಡಿ ಟೀಚರ್ ಎದ್ದು ಕೇಳಿದರು: ‘ಮೇಡಂ, ಮಗು ನೀನೂ ಸಾಯ್ತೀಯಾ ಅಂದ್ರೆ ಏನು ಹೇಳೋದು?’)

ಇಲ್ಲ ಅನ್ನಬೇಡಿ ಅಕ್ಕಾ. ಆ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇದೆ, ‘ನನ್ನನ್ನ ಯಾರು ನೋಡ್ಕೋತಾರೆ?’ ಅದಕ್ಕೆ ಉತ್ತರ ಕೊಡಿ. ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಗೆ ಆರು ವರ್ಷದ ಮಗಳು ಹೀಗೇ ಕೇಳಿದ್ದಳು. ನಾವಿಬ್ಬರೂ ಮೊದಲೇ ಅಭ್ಯಾಸ ಮಾಡಿಕೊಂಡಿದ್ದೆವು. ಆಕೆ ಹೇಳಿದಳು, ‘ಎಲ್ಲರೂ ಒಂದಿನ ಸಾಯ್ತೀವಿ ಕಂದಾ. ನಾನು ತುಂಬಾ ವರ್ಷ ಇರ್ತೀನಿ ಅನ್ಕೊಂಡಿದೀನಿ. ಅಕಸ್ಮಾತ್ ನನಗೇನಾದ್ರೂ ಆದ್ರೆ ಚಿಕ್ಕಮ್ಮ, ಅಜ್ಜಿ ನಿನ್ನ ನೋಡ್ಕೋತಾರೆ.’ ಮಗು ಯೋಚನೆ ಮಾಡಿತು. ‘ಜಡೆ ಯಾರು ಹಾಕ್ತಾರೆ?’ ‘ಚಿಕ್ಕಮ್ಮ.’ ಮತ್ತೆ ಸ್ವಲ್ಪ ಹೊತ್ತು ಸುಮ್ಮನಿತ್ತು. ‘ಚಿಕ್ಕಮ್ಮ ಬಿಗಿಯಾಗಿ ಹಾಕ್ತಾಳೆ. ಈಗ್ಲೇ ಹೇಳ್ಬಿಡು ಅವಳಿಗೆ.’